ಅಕ್ಕಿಹೆಬ್ಬಾಳಿನ ಕಿವಿ ಪರೀಕ್ಷೆ, ಅಕ್ಕನ ಮಗಳ ಮದುವೆ

ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೇಮಾವತಿ ದಡದ ಊರು. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿ ತನ್ನದೊಂದು ಹೊರಸೇವಾ ಕೇಂದ್ರ ತೆರೆಯಿತು. ಎಳೆಗೂಸಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು, ಒಳಗಿವಿ ಹಿಂದಿರುಗಿಸುವ ಸಣ್ಣ ದನಿಯನ್ನು ಅಳೆಯುವುದು ಕೆಲವೇ ನಿಮಿಷಗಳ ಕೆಲಸ. ಮಗುವಿಗೆ ನೋವಿಲ್ಲ. ಮಗುವಿಗೆ ಕೇಳಿಸುತ್ತಿಲ್ಲ ಎಂದು ಖಚಿತವಾದಾಗ ತಂದೆ ತಾಯಿಗೆ ಬರುವ ಪ್ರಶ್ನೆಗಳಲ್ಲೊಂದು: ನಿಮ್ಮದು ಸಂಬಂಧದಲ್ಲೇ ಆದ ಮದುವೆಯಾ?

ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಕಡೆ ಈ ಪ್ರಶ್ನೆಗೆ ಯಾರೂ ಬೆಚ್ಚುವುದಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಕೊಡುವುದು ಹಳೆಯ ರೂಢಿ. ಹೊಲ ಮನೆಯಲ್ಲೇ ಉಳಿಯುತ್ತದೆ, ಹೆಣ್ಣು ಕಣ್ಣೆದುರೇ ಇರುತ್ತಾಳೆ. ಈ ಲೆಕ್ಕಾಚಾರದಲ್ಲಿ ಪ್ರೀತಿಯೂ ಇದೆ, ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ ಮತ್ತು ಎ.ಎಚ್. ಬಿಟಲ್ಸ್ 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚೇ ಇದೆ.

ಹುಟ್ಟು ಕಿವುಡಿಗೆ ಕಾರಣವಾಗುವ ಜೀನ್‌ಗಳು ಹಲವು. ಹೆಚ್ಚು ಗುರುತಾದದ್ದು ಜಿಜೆಬಿ2. ಅದು ಕನೆಕ್ಸಿನ್ 26 ಎಂಬ ಪ್ರೋಟೀನನ್ನು ಮಾಡಿಸುತ್ತದೆ. ಒಳಗಿವಿಯ ಕೋಶದಿಂದ ಕೋಶಕ್ಕೆ ಪೊಟ್ಯಾಸಿಯಂ ಹರಿಯುವ ದಾರಿ ಈ ಪ್ರೋಟೀನಿನದು. ಭಾರತದಲ್ಲಿ ಹೆಚ್ಚಾಗಿ ಕಾಣುವ ದೋಷದಲ್ಲಿ ಬದಲಾಗುವುದು ಒಂದೇ ಅಕ್ಷರ: ಜಿ ಇದ್ದಲ್ಲಿ ಎ. ಅಷ್ಟಕ್ಕೇ 226 ಅಮೈನೋ ಆಮ್ಲಗಳ ಸರಪಳಿ 23ಕ್ಕೇ ನಿಂತುಬಿಡುತ್ತದೆ. ವಿಶ್ವೇಶ್ವರಯ್ಯ ನಾಲೆಯ ತೂಬು ಮುಚ್ಚಿದರೆ ಗದ್ದೆಗೆ ನೀರು ತಪ್ಪುವಂತೆ ಇಲ್ಲಿ ಪೊಟ್ಯಾಸಿಯಂ ಹರಿವು ತಪ್ಪುತ್ತದೆ. ಕಿವಿಯ ಆಕಾರದಲ್ಲಿ ಕೊರತೆಯೇನೂ ಕಾಣದು, ಮಗುವಿಗೆ ಮಾತ್ರ ಕೇಳಿಸದು.

ಪ್ರತಿ ಜೀನೂ ನಮ್ಮಲ್ಲಿ ಜೋಡಿಯಾಗಿರುತ್ತದೆ. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಇಂಥ ದೋಷ ತಲೆಮಾರುಗಟ್ಟಲೆ ಸದ್ದಿಲ್ಲದೆ ಸಾಗುತ್ತದೆ. ಒಬ್ಬ ಅಜ್ಜನಿಂದ ಬಂದ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ, ಪ್ರತಿ ಬಸುರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಸರಾಸರಿ ಎಂಟರಲ್ಲೊಂದು ಜೀನ್ ಜೋಡಿ ಒಂದೇ ಮೂಲದ್ದಾಗಿರುತ್ತದೆ, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲೊಂದು. ಇಂಥ ಮದುವೆಗಳಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಅದರಿಂದಲೇ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿದ್ದಾಗ ಬೈಗುಳ ಬರುವುದು ತಾಯಿಗೆ. ಗ್ರಹಣದ ದಿನ ಹೊರಗೆ ಬಂದಳು, ಯಾವ ಜನ್ಮದ ಪಾಪವೋ ಎಂದೆಲ್ಲ. ಈ ಬಗೆಯ ದೋಷಕ್ಕೆ ತಂದೆಯ ಪಾಲು ಸರಿಸಮ ಎಂಬುದನ್ನು ಅತ್ತೆ ಮಾವಂದಿರ ಮುಂದೆ ವೈದ್ಯರೇ ಬಾಯಿಬಿಟ್ಟು ಹೇಳಬೇಕು.

ಎಲ್ಲಕ್ಕೂ ಸಂಬಂಧದ ಮದುವೆಯನ್ನೇ ದೂರುವುದೂ ತಪ್ಪು. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಮೂಳೆ ಕೀಲುಗಳನ್ನು ಕುಗ್ಗಿಸುತ್ತದೆ, ಅದಕ್ಕೆ ತಂದೆ ತಾಯಿಯರಲ್ಲಿ ಒಬ್ಬರ ದೋಷವೇ ಸಾಕು. ಡೌನ್ ಸಿಂಡ್ರೋಮ್ ಬಹುತೇಕ ವಂಶದಿಂದ ಬರುವುದೇ ಇಲ್ಲ. ಬಸುರಿಗೆ ತಗುಲಿದ ರುಬೆಲ್ಲಾ ಕೂಡ ಮಗುವಿನ ಕಿವಿ ಕಸಿಯಬಲ್ಲದು.

ಇಂಥ ದೋಷಗಳನ್ನು ಹುಟ್ಟುವ ಮೊದಲೇ ಪತ್ತೆ ಹಚ್ಚುವ ವಿಚಾರದಲ್ಲಿ ಇನ್ನೊಂದು ಸಂಕಟವಿದೆ, ಅದು ಮಂಡ್ಯಕ್ಕೆ ವಿಶೇಷವಾಗಿ ತಟ್ಟಿದ್ದು. 1994ರ ಕಾಯ್ದೆ ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸಿ, ಆನುವಂಶಿಕ ಕಾಯಿಲೆಗಳ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಆದರೆ 2023ರಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದು ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ಹುಡುಕುತ್ತಿದ್ದುದು ಬಯಲಾಯಿತು. ಕೂಸಿಗೆ ನೆರವಾಗಬೇಕಿದ್ದ ಯಂತ್ರ ಕೂಸನ್ನು ಕೊಲ್ಲಲು ಬಳಕೆಯಾದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಮೊದಲ ಮಗುವಿಗೆ ಕೇಳಿಸದಿದ್ದರೆ ಮುಂದಿನ ಬಸುರಿಗೆ ಮುಂಚೆಯೇ ಜೆನೆಟಿಕ್ ಸಲಹೆ ಪಡೆಯುವುದು ಒಳ್ಳೆಯದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಲ್ಲಿ ಈ ನೆರವು ಇದೆ. ಹೋಗುವಾಗ ಮಗುವಿನ ಶ್ರವಣ ಪರೀಕ್ಷೆಯ ವರದಿ, ಎರಡೂ ಕಡೆಯ ಮೂರು ತಲೆಮಾರಿನಲ್ಲಿ ಯಾರು ಯಾರನ್ನು ಮದುವೆಯಾದರು, ಯಾರಿಗೆ ಕೇಳಿಸುತ್ತಿರಲಿಲ್ಲ, ಯಾವ ಕೂಸು ತೊಟ್ಟಿಲಲ್ಲೇ ಹೋಯಿತು ಎಂಬ ಪಟ್ಟಿ ಜೊತೆಗಿರಲಿ. ಇತ್ತ ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ಶ್ರವಣ ಸಾಧನ ಹಾಕಿಸುವುದನ್ನು ಮುಂದೂಡಬಾರದು. ಜೀನ್ ವರದಿ ಬರುವವರೆಗೂ ಅದಕ್ಕೆ ಕಾಯಬೇಕಿಲ್ಲ.