‘ಐಟಿ ರೀಫಂಡ್ ಮಂಜೂರಾಗಿದೆ’ ಎಂಬ ಮೆಸೇಜ್ ಬಂತೇ? ಲಿಂಕ್ ಒತ್ತುವ ಮುನ್ನ ಇದನ್ನು ಓದಿ

ಕಳಸದ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ನನ್ನ ದೊಡ್ಡಪ್ಪ ಮಳೆಗಾಲದಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಆದಾಯ ತೆರಿಗೆ ರೀಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ಖಚಿತಪಡಿಸಲು ಲಿಂಕ್ ಒತ್ತಿ ಎಂದು ಅದರಲ್ಲಿತ್ತು. ಕೆಳಗೆ ಅವರ ಪ್ರಶ್ನೆ: “ಇದು ನಿಜವೇನೋ? ಎಫ್‌ಡಿ ಬಡ್ಡಿಗೆ ಟಿಡಿಎಸ್ ಹಿಡಿದಿದ್ದರು, ನಾನೂ ರಿಟರ್ನ್ಸ್ ಹಾಕಿದ್ದೇನೆ.”

ಮೋಸ ನಡೆಯುವುದು ಇಲ್ಲೇ. ರಿಟರ್ನ್ಸ್ ಹಾಕುವ ಜುಲೈ ಹೊತ್ತಿಗೆ ಲಕ್ಷಾಂತರ ಜನ ನಿಜವಾಗಿಯೂ ರೀಫಂಡ್ ಕಾಯುತ್ತಿರುತ್ತಾರೆ. ವಂಚಕರಿಗೆ ನಿಮ್ಮ ಲೆಕ್ಕ ಗೊತ್ತಿರಬೇಕಿಲ್ಲ. ಕಾಯುವವರು ಸಿಕ್ಕರೆ ಸಾಕು.

ಈ ಮೆಸೇಜ್ ಹೊಸದಲ್ಲ

2023ರಲ್ಲಿ ‘₹15,490 ರೀಫಂಡ್ ಮಂಜೂರಾಗಿದೆ’ ಎಂಬ ಒಂದೇ ಮೆಸೇಜ್ ದೇಶದ ತುಂಬ ಹರಿದಾಡಿತ್ತು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಅದು ಸುಳ್ಳು ಎಂದು ಹೇಳಿತು.

ಲಿಂಕ್ ಒತ್ತಿದರೆ ಏನಾಗುತ್ತದೆ?

2021ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ‘ಡ್ರಿನಿಕ್’ ಎಂಬ ಕಳ್ಳ ಆ್ಯಪ್ ಬಗ್ಗೆ ಎಚ್ಚರಿಸಿತು. 27ಕ್ಕೂ ಹೆಚ್ಚು ಬ್ಯಾಂಕ್‌ಗಳ ಗ್ರಾಹಕರು ಅದರ ಗುರಿಯಾಗಿದ್ದರು. ಲಿಂಕ್ ಒತ್ತಿದರೆ ತೆರಿಗೆ ಇಲಾಖೆಯಂತೆಯೇ ಕಾಣುವ ಪುಟ ತೆರೆಯುತ್ತದೆ, ಎಪಿಕೆ ಫೈಲ್ ಹಾಕಿಕೊಳ್ಳಲು ಹೇಳುತ್ತದೆ. ಆ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳಿ, ಪ್ಯಾನ್, ಆಧಾರ್, ಬ್ಯಾಂಕ್ ವಿವರ ತುಂಬಿಸಿಕೊಳ್ಳುತ್ತದೆ. ಹಣ ವರ್ಗಾಯಿಸಲು ಒತ್ತಿದಾಗ ‘ದೋಷವಿದೆ, ಅಪ್‌ಡೇಟ್ ಆಗುತ್ತಿದೆ’ ಎನ್ನುತ್ತದೆ. ನೀವು ಕಾಯುತ್ತಿರುವಾಗ ನಿಮ್ಮ ಎಸ್‌ಎಂಎಸ್‌ಗಳು ವಂಚಕರ ಕೈ ಸೇರುತ್ತಿರುತ್ತವೆ. ಅಂದರೆ ಒಟಿಪಿಯನ್ನು ನೀವು ಬಾಯಿಬಿಟ್ಟು ಹೇಳದಿದ್ದರೂ ಅದು ಹೋಗುತ್ತದೆ.

ಬೆಳೆಗಾರರಿಗೆ ಬೆದರಿಕೆ ಕರೆ ಬಂದರೆ

ಆಸೆಯಂತೆ ಭಯವನ್ನೂ ಬಳಸುತ್ತಾರೆ. ‘ಕಾಫಿ ಹಣಕ್ಕೆ ತೆರಿಗೆ ಕಟ್ಟಿಲ್ಲ’ ಎಂದರೆ ನಮ್ಮ ಕಡೆಯವರು ಗಾಬರಿಯಾಗುವುದು ಸಹಜ, ಏಕೆಂದರೆ ನಿಯಮವೇ ಸ್ವಲ್ಪ ಗೊಂದಲದ್ದು. ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡದೆ ಮಾರಿದರೆ ಅದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಬೆಳೆದು, ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅನುಮಾನವಿದ್ದರೆ ನಿಮ್ಮ ಆಡಿಟರ್ ಹತ್ತಿರ ಕೇಳಿ, ಕರೆ ಮಾಡಿದವರ ಹತ್ತಿರವಲ್ಲ. ವಿಡಿಯೋ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವ ಕಾನೂನು ದೇಶದಲ್ಲಿಲ್ಲ. ಯಾರದೋ ಯುಪಿಐ ನಂಬರಿಗೆ ತೆರಿಗೆ ಕಟ್ಟುವ ಪದ್ಧತಿಯೂ ಇಲ್ಲ.

ಪರೀಕ್ಷಿಸುವುದು ಹೇಗೆ?

- ಲಿಂಕ್ ಒತ್ತಬೇಡಿ. ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂದು ಇಂಗ್ಲಿಷ್‌ನಲ್ಲಿ ನೀವೇ ಟೈಪ್ ಮಾಡಿ, ಲಾಗಿನ್ ಆಗಿ ರೀಫಂಡ್ ಸ್ಥಿತಿ ನೋಡಿ.
- ರೀಫಂಡ್ ಹೋಗುವುದು ನೀವು ಅಲ್ಲಿ ಮೊದಲೇ ದೃಢಪಡಿಸಿದ ಖಾತೆಗೆ. ಇಲಾಖೆ ಪಿನ್, ಒಟಿಪಿ, ಪಾಸ್‌ವರ್ಡ್, ಕಾರ್ಡ್ ವಿವರ ಕೇಳುವುದಿಲ್ಲ.
- ನೋಟಿಸ್ ಬಂದಿದ್ದರೆ ‘ಡಿಐಎನ್’ ಸಂಖ್ಯೆ ಹುಡುಕಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಈ ಸಂಖ್ಯೆ ಕಡ್ಡಾಯ. ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ನಂಬಬೇಡಿ. ಅದು ಅಸಲಿಯೇ ಎಂದು ಅದೇ ವೆಬ್‌ಸೈಟ್‌ನಲ್ಲಿ ಲಾಗಿನ್ ಇಲ್ಲದೆಯೂ ನೋಡಬಹುದು.

ಒತ್ತಿಬಿಟ್ಟಿದ್ದರೆ?

ನಾಚಿಕೆಪಟ್ಟು ಮುಚ್ಚಿಡಬೇಡಿ. ಆ ಫೋನಿನ ಇಂಟರ್ನೆಟ್ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ದೂರು ಹೋದರೆ ತಡೆಯುವ ಅವಕಾಶ ಹೆಚ್ಚು. ಮಳೆಗೆ ನೆಟ್‌ವರ್ಕ್ ಹೋಗುವ ನಮ್ಮೂರುಗಳಲ್ಲಿ ‘ನಾಳೆ ಪೇಟೆಗೆ ಹೋದಾಗ ನೋಡಿದರಾಯಿತು’ ಎಂದು ಬಿಡುವುದೇ ದೊಡ್ಡ ನಷ್ಟ. ಪಕ್ಕದ ಮನೆಯ ಫೋನಾದರೂ ಸರಿ, ಆಗಲೇ ಮಾಡಿ.

ದೊಡ್ಡಪ್ಪ ಲಿಂಕ್ ಒತ್ತಲಿಲ್ಲ. ಕೆಲವು ವಾರಗಳ ನಂತರ ಅವರ ನಿಜವಾದ ರೀಫಂಡ್ ತಾನಾಗಿ ಖಾತೆಗೆ ಬಂತು. ಯಾರೂ ಏನೂ ಕೇಳಲಿಲ್ಲ.