ಎರಡು ಮಿಲಿಗ್ರಾಮೋ, ನಾಲ್ಕೋ?

‘ಮಾರ್ಫಿನ್ 2ರಿಂದ 4 ಮಿ.ಗ್ರಾಂ., ರಕ್ತನಾಳಕ್ಕೆ, ನೋವಿದ್ದರೆ, 4 ಗಂಟೆಗೊಮ್ಮೆ.’ ದೊಡ್ಡ ಆಪರೇಷನ್ ಆದವರ ಕೇಸ್ ಶೀಟಿನಲ್ಲಿ ವೈದ್ಯರು ಹೀಗೆ ಬರೆದಿದ್ದರೆ, ಎರಡೋ ನಾಲ್ಕೋ ಎಂದು ತೀರ್ಮಾನಿಸಬೇಕಾದವರು ರಾತ್ರಿ ಪಾಳಿಯ ನರ್ಸ್. ಒಂದೇ ಆಪರೇಷನ್ ಆದ ಇಬ್ಬರ ನೋವು ಒಂದೇ ಸಮ ಇರುವುದಿಲ್ಲ. ಹಾಗಾಗಿ ಪ್ರಮಾಣದಲ್ಲಿ ಇಷ್ಟು ಸಡಿಲಿಕೆ ಬೇಕೇ ಬೇಕು.

ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಕೇಳಿ, ಎಂಟು ಎಂದವರಿಗೆ ನಾಲ್ಕು ಮಿಲಿಗ್ರಾಂ ಕೊಟ್ಟುಬಿಡುವುದು ಸುಲಭ. ಅದು ಅಪಾಯಕಾರಿಯೂ ಹೌದು. ಬರೀ ಅಂಕ ನೋಡಿ ಮದ್ದಿನ ಪ್ರಮಾಣ ನಿರ್ಧರಿಸಬಾರದೆಂದು ಅಮೆರಿಕದ ನೋವು ಶುಶ್ರೂಷಾ ತಜ್ಞರ ಸಂಘವೇ ಎಚ್ಚರಿಸಿದೆ. ರೋಗಿಯ ವಯಸ್ಸು, ಮೂತ್ರಪಿಂಡದ ಸ್ಥಿತಿ, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ಹಿಂದಿನ ಡೋಸ್ ಎಷ್ಟು ಹೊತ್ತು ನೋವು ತಡೆಯಿತು ಎಂಬುದು, ಜೊತೆಗೆ ನಿದ್ದೆ ಮಾತ್ರೆ ಕೊಟ್ಟಿದ್ದಾರೆಯೇ ಎಂಬುದು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನಿಂದ ಹುಟ್ಟುವ, ತಾನೂ ಮದ್ದಿನಂತೆಯೇ ಕೆಲಸ ಮಾಡುವ ಒಂದು ವಸ್ತು ಮೈಯಲ್ಲೇ ಉಳಿದುಬಿಡುತ್ತದೆ.

ಮಾರ್ಫಿನ್ ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನು ಮಂದಗೊಳಿಸುತ್ತದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೂ ಅದು ಎಚ್ಚೆತ್ತುಕೊಳ್ಳುವುದಿಲ್ಲ. ಆದರೆ ಸಾಮಾನ್ಯವಾಗಿ ಅದಕ್ಕೂ ಮೊದಲು ಮಂಪರು ಬರುತ್ತದೆ. ಅಮೆರಿಕದ ನರ್ಸ್ ಕ್ರಿಸ್ ಪಸೇರೊ ರೂಪಿಸಿದ ಮಂಪರಿನ ಮಾಪಕ ಹಿಡಿಯುವುದು ಇದನ್ನೇ. ತೂಕಡಿಸಿದರೂ ಕರೆದ ಕೂಡಲೇ ಎಚ್ಚರವಾದರೆ 2. ಮಾತನಾಡುತ್ತಲೇ ನಿದ್ದೆಗೆ ಜಾರಿದರೆ 3: ಆಗ ನೋವು ಎಂಟೆಂದರೂ ಡೋಸ್ ಏರಿಸುವಂತಿಲ್ಲ, ಇಳಿಸಬೇಕು, ವೈದ್ಯರಿಗೆ ತಿಳಿಸಬೇಕು. ಎಬ್ಬಿಸಿದರೂ ಏಳದಿದ್ದರೆ 4: ಮದ್ದು ನಿಲ್ಲಿಸಿ, ಮಾರ್ಫಿನ್‌ನ ಪ್ರಭಾವ ತಡೆಯುವ ನಲೋಕ್ಸೋನ್ ಕೈಗೆತ್ತಿಕೊಳ್ಳುವ ಹೊತ್ತು ಅದು.

ಅನುಭವಿ ನರ್ಸ್ ರೋಗಿಯನ್ನು ಮುಟ್ಟುವ ಮೊದಲೇ ನಿಂತು, ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸುತ್ತಾರೆ. ಎಬ್ಬಿಸಿದರೆ ಉಸಿರಿನ ಲಯವೇ ಬದಲಾಗಿಬಿಡುತ್ತದೆ. ಆಕ್ಸಿಜನ್ ಹಾಕಿದ್ದರೆ ಬೆರಳಿನ ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಲೇ ಇರಬಹುದು, ಉಸಿರು ಮಾತ್ರ ನಿಧಾನವಾಗಿ ಕುಗ್ಗುತ್ತಿರಬಹುದು. ರಕ್ತನಾಳಕ್ಕೆ ಕೊಟ್ಟ ಮಾರ್ಫಿನ್ ಪೂರ್ಣ ಪ್ರಭಾವ ತೋರಲು ಸುಮಾರು 20 ನಿಮಿಷ ಬೇಕು. ಆ ಹೊತ್ತಿಗೆ ನರ್ಸ್ ಮತ್ತೆ ಹಾಸಿಗೆಯ ಬಳಿ ಬರಲೇಬೇಕು. ಮೊದಲ ಎರಡು ಸಾಲದಿದ್ದರೆ ಉಳಿದ ಎರಡನ್ನು ಆಗಲೇ ಕೊಡಬಹುದೇ ಎಂಬುದನ್ನು ಆಸ್ಪತ್ರೆ ಲಿಖಿತ ನಿಯಮದಲ್ಲಿ ಹೇಳಿರಬೇಕು. ಒಬ್ಬ ನರ್ಸ್‌ಗೆ ವಾರ್ಡಿನ ತುಂಬ ರೋಗಿಗಳನ್ನು ಒಪ್ಪಿಸಿ ಇದನ್ನೆಲ್ಲ ನಿರೀಕ್ಷಿಸುವುದು ಅನ್ಯಾಯ.

ರೋಗಿಯ ಜೊತೆ ಉಳಿಯುವ ಮನೆಯವರೇ, ಇಂಜೆಕ್ಷನ್ ಆದ ಮೇಲೆ ಅವರು ಹೊಸದಾಗಿ ಜೋರು ಗೊರಕೆ ಹೊಡೆಯುತ್ತಿದ್ದರೆ ‘ಪಾಪ, ಮಲಗಲಿ’ ಎಂದು ಸುಮ್ಮನಿರಬೇಡಿ. ಕರೆದು ನೋಡಿ. ಸರಿಯಾಗಿ ಎಚ್ಚರವಾಗದಿದ್ದರೆ ತಕ್ಷಣ ಸಿಸ್ಟರ್‌ಗೆ ಹೇಳಿ.