ಟಾರ್ಚ್ ಕೊಳ್ಳುವ ಮುನ್ನ ಅದರ ಬಾಲ ನೋಡಿ

ನಮ್ಮ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಸಿಓಟು ವೆಲ್ಡಿಂಗ್ ಎಂದೇ ಹೆಸರಾದ ಮಿಗ್ ವೆಲ್ಡಿಂಗ್‌ಗೆ ಟಾರ್ಚ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ: ಎಷ್ಟು ಆಂಪಿಯರ್, ಎಷ್ಟು ಮೀಟರ್? ಶೆಡ್ಡಿನ ಮೂಲೆಯಲ್ಲಿ ನಿಂತೇ ಇರುವ ಮಶೀನಿಗೆ ಅಷ್ಟು ಸಾಕಾಗಬಹುದು. ಕೈಯಲ್ಲಿ ಹೊತ್ತೊಯ್ಯುವ ಸೂಟ್‌ಕೇಸ್ ಫೀಡರ್‌ಗೆ ಸಾಲದು. ಅಲ್ಲಿ ಮೊದಲು ನೋಡಬೇಕಾದದ್ದು ಕೈಗೆ ಸಿಗುವ ತುದಿಯನ್ನಲ್ಲ, ಫೀಡರ್ ಒಳಗೆ ಹೋಗಿ ಕೂರುವ ಹಿಂದಿನ ತುದಿಯನ್ನು. ಆ ತುದಿ ಕಂಪನಿಗೊಂದು ಬಗೆಯಲ್ಲಿರುವುದು ಇಂದಿನ ವ್ಯಾಪಾರಿಗಳ ಕುತಂತ್ರವೆಂದು ಅನೇಕರು ಬೈಯುತ್ತಾರೆ. ಕಾರಣ ಅದಕ್ಕಿಂತ ಹಳೆಯದು: ಈ ವಿದ್ಯೆ ಬೆಳೆದ ರೀತಿಯಲ್ಲೇ ಅದು ಅಡಗಿದೆ.

ತಂತಿಯನ್ನು ಯಂತ್ರವೇ ಮುಂದೆ ತಳ್ಳುತ್ತ ವೆಲ್ಡ್ ಮಾಡುವ ಯೋಚನೆಗೆ ನೂರು ವರ್ಷ ದಾಟಿದೆ. 1920ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪಿ.ಓ. ನೊಬೆಲ್ ಆರ್ಕ್‌ನ ವೋಲ್ಟೇಜನ್ನೇ ಅಳತೆಗೋಲಾಗಿಸಿ ತಂತಿಯ ವೇಗವನ್ನು ನಿಯಂತ್ರಿಸುವ ವ್ಯವಸ್ಥೆ ಮಾಡಿದರು: ಆರ್ಕ್ ಉದ್ದವಾದರೆ ತಂತಿ ಬೇಗ ಬರಬೇಕು, ಗಿಡ್ಡವಾದರೆ ನಿಧಾನಿಸಬೇಕು. ಆದರೆ ಗ್ಯಾಸಿನ ರಕ್ಷಣೆಯಲ್ಲಿ ಸಣ್ಣ ತಂತಿ ಕರಗಿಸುವ ಇಂದಿನ ವಿಧಾನ ರೂಪುಗೊಂಡದ್ದು 1948ರಲ್ಲಿ, ಓಹಾಯೋದ ಬ್ಯಾಟೆಲ್ ಸಂಶೋಧನಾ ಸಂಸ್ಥೆಯಲ್ಲಿ. ಅದಕ್ಕೆ ಬೆಂಬಲ ಕೊಟ್ಟದ್ದು ಏರ್ ರಿಡಕ್ಷನ್ ಕಂಪನಿ, ಕೆಲಸ ನಡೆದದ್ದು ಮೊದಲು ಅಲ್ಯೂಮಿನಿಯಂ ಮೇಲೆ. ಆ ಕಂಪನಿ ಇದನ್ನು ಏರ್ಕೊಮ್ಯಾಟಿಕ್ ಎಂದು ಮಾರಿತು, ಎದುರಾಳಿ ಲಿಂಡೆ ಸಿಗ್ಮಾ ಎಂದು ಹೆಸರಿಟ್ಟಿತು. ಇಬ್ಬರೂ ಮೂಲತಃ ಗ್ಯಾಸ್ ವ್ಯಾಪಾರಿಗಳು ಎಂಬುದನ್ನು ಗಮನಿಸಬೇಕು. ಗಿರಾಕಿ ತಮ್ಮ ವಿಧಾನಕ್ಕೇ ಅಂಟಿಕೊಂಡಿರಬೇಕು ಎನ್ನುವವರಿಗೆ ಎದುರಾಳಿಯ ಟಾರ್ಚ್ ತಮ್ಮ ಫೀಡರ್‌ಗೆ ಹೊಂದಿಸುವ ದರ್ದು ಇರಲಿಲ್ಲ. 1953ರಲ್ಲಿ ಸೋವಿಯತ್ ದೇಶದ ಲ್ಯುಬಾವ್‌ಸ್ಕಿ ಮತ್ತು ನೊವೊಶಿಲೊವ್ ದುಬಾರಿ ಆರ್ಗಾನ್ ಬದಲು ಕಾರ್ಬನ್ ಡೈಆಕ್ಸೈಡ್ ಬಳಸಿ ಉಕ್ಕು ಬೆಸೆಯಬಹುದೆಂದು ತೋರಿಸಿದ ಮೇಲೆ ವಿಧಾನ ಅಗ್ಗವಾಯಿತು, ತಯಾರಕರು ಹೆಚ್ಚಿದರು, ಹಿಂದಿನ ತುದಿಯ ನಮೂನೆಗಳೂ ಹೆಚ್ಚಿದವು.

ಆ ತುದಿಯನ್ನು ಹತ್ತಿರದಿಂದ ನೋಡಿದರೆ ಜಗಳ ಯಾತಕ್ಕೆಂದು ತಿಳಿಯುತ್ತದೆ. ಒಂದೇ ಕೀಲಿನಲ್ಲಿ ನಾಲ್ಕು ಸಂಗತಿ ದಾಟಬೇಕು: ನೂರಾರು ಆಂಪಿಯರ್ ಕರೆಂಟ್, ಗ್ಯಾಸ್, ತಂತಿ, ಮತ್ತು ಬೆರಳು ಒತ್ತಿದ್ದನ್ನು ಫೀಡರ್‌ಗೆ ತಿಳಿಸುವ ಟ್ರಿಗರ್ ಸಂಕೇತ. ಯುರೋ ಕನೆಕ್ಟರ್ ಈ ನಾಲ್ಕನ್ನೂ ಒಂದೇ ಮುಖದಲ್ಲಿ ಕೂಡಿಸಿತು. ನಡುವೆ ತಂತಿ ಹಾಯುವ ಹಿತ್ತಾಳೆ ಪಿನ್, ಪಕ್ಕದಲ್ಲಿ ಗ್ಯಾಸಿನ ನಳಿಕೆ, ಸ್ಪ್ರಿಂಗ್ ಹಿಡಿದ ಎರಡು ಪುಟ್ಟ ಟ್ರಿಗರ್ ಪಿನ್ನುಗಳು, ಸುತ್ತ ಕೈಯಲ್ಲೇ ತಿರುಗಿಸಿ ಬಿಗಿ ಮಾಡುವ ಪ್ಲಾಸ್ಟಿಕ್ ನಟ್ಟು. ಅಮೆರಿಕದಲ್ಲಿ ಹಾಗಾಗಲಿಲ್ಲ. ಟ್ವೆಕೊ ಪಿನ್ ಒಂದಳತೆ, ಮಿಲ್ಲರ್ ಪಿನ್ ಇನ್ನೊಂದು, ಲಿಂಕನ್‌ದು ಮತ್ತೊಂದು. ಟ್ರಿಗರ್‌ಗೆ ಬೇಕಾದದ್ದು ಎರಡೇ ಎರಡು ತಂತಿ, ಆದರೂ ಮಿಲ್ಲರ್ ಫೀಡರ್‌ಗಳಲ್ಲಿ ಸಾಮಾನ್ಯವಾಗಿ 4 ಪಿನ್ನಿನ ಪ್ಲಗ್ಗು, ಲಿಂಕನ್‌ನಲ್ಲಿ 5 ಪಿನ್ನಿನದು. ಪಿನ್ ಹೊಂದಿದರೂ ಪ್ಲಗ್ ಹೊಂದದೆ, ಪ್ಲಗ್ ಹೊಂದಿದರೂ ಗ್ಯಾಸ್ ಸೋರುತ್ತ, ಹೊಸ ಟಾರ್ಚ್ ಗೋಡೆಯ ಮೊಳೆಗೆ ನೇತಾಡುವುದು ಹೀಗೆ. ಟಾರ್ಚ್‌ಗಳಿಗೆ ಐಇಸಿ 60974-7 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆಯಲ್ಲ ಎನ್ನಬಹುದು. ಅದರ ಕಾಳಜಿ ಇನ್ಸುಲೇಶನ್, ಬಿಸಿಯೇರಿಕೆಯಂಥ ಸುರಕ್ಷತೆಯ ವಿಷಯ. ಎಲ್ಲರೂ ಒಂದೇ ಬಾಲ ಇಡಿ ಎಂದು ಅದು ಕಡ್ಡಾಯ ಮಾಡಿಲ್ಲ.

ಸೂಟ್‌ಕೇಸ್ ಫೀಡರ್ ಬಂದದ್ದು ಟಾರ್ಚಿನ ಇನ್ನೊಂದು ಮಿತಿಯಿಂದ. ಹಿಂದಿನಿಂದ ತಳ್ಳುವ ತಂತಿ ಲೈನರ್‌ನ ಒಳಮೈಗೆ ಉಜ್ಜುತ್ತಲೇ ಸಾಗಬೇಕು. ಹಾಗಾಗಿ ಮಾರುಕಟ್ಟೆಯ ಟಾರ್ಚುಗಳು ಹೆಚ್ಚಾಗಿ 3, 4, 5 ಮೀಟರಿಗೆ ನಿಲ್ಲುತ್ತವೆ. ಹಡಗಿನ ತಳದ ಕೋಣೆಗಳಲ್ಲಿ, ಸೇತುವೆಯ ಗರ್ಡರ್ ಮೇಲೆ ಕೆಲಸ ಮಾಡುವವನಿಗೆ ಅದು ಏನೇನೂ ಸಾಲದು. ಟಾರ್ಚನ್ನು ಉದ್ದ ಮಾಡಲಾಗದಿದ್ದರೆ ಫೀಡರನ್ನೇ ಹತ್ತಿರ ತರಬೇಕು. ಮ್ಯಾನ್‌ಹೋಲ್‌ನಲ್ಲಿ ನುಸುಳುವ ಪೆಟ್ಟಿಗೆ, ಒಳಗೆ 200 ಅಥವಾ 300 ಮಿಲಿಮೀಟರ್ ಸ್ಪೂಲು. ಮಶೀನು ದೂರದಲ್ಲೇ ಇರುತ್ತದೆ, ನಡುವೆ ವೆಲ್ಡಿಂಗ್ ಕೇಬಲ್ಲು ಮತ್ತು ಗ್ಯಾಸ್ ಪೈಪು ಮಾತ್ರ. ಸೈಟಿನಲ್ಲಿ ಪದೇಪದೇ ತುಂಡಾಗುವ ಕಂಟ್ರೋಲ್ ಕೇಬಲ್ಲನ್ನೂ ಕೈಬಿಟ್ಟರು. ಫೀಡರ್ ತನ್ನ ಮೋಟಾರಿಗೆ ಬೇಕಾದ ವಿದ್ಯುತ್ತನ್ನು ಆರ್ಕ್ ವೋಲ್ಟೇಜಿನಿಂದಲೇ ಎಳೆದುಕೊಳ್ಳುತ್ತದೆ, ಅದಕ್ಕೆಂದೇ ಒಂದು ಪುಟ್ಟ ಕ್ಲಿಪ್ಪನ್ನು ಜಾಬ್‌ಗೆ ಕಚ್ಚಿಸಬೇಕು. ಇಂಥ ಹಲವು ಪೆಟ್ಟಿಗೆಗಳು ರಾಡ್ ವೆಲ್ಡಿಂಗ್ ಮಶೀನಿಗೆ ಹಾಕಿದಾಗ ವೋಲ್ಟೇಜ್ ನೋಡಿ ತಂತಿಯ ವೇಗ ಬದಲಿಸುತ್ತವೆ. ಶೆಡ್ಡಿನ ಸ್ಥಿರ ವೋಲ್ಟೇಜ್ ಮಶೀನುಗಳು ಮರೆಸಿದ್ದ 1920ರ ಯೋಚನೆ ಸೈಟಿಗೆ ಮರಳಿ ಬಂದಿದೆ.

ಇದರಿಂದ ಟಾರ್ಚ್ ಆಯ್ಕೆಗೆ ನೇರ ಪರಿಣಾಮವಿದೆ. ಒಳಗೆ ಕಾಂಟ್ಯಾಕ್ಟರ್ ಇಲ್ಲದ ಪೆಟ್ಟಿಗೆಯಲ್ಲಿ ಟ್ರಿಗರ್ ಬಿಟ್ಟರೂ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಒದ್ದೆ ಕಬ್ಬಿಣದ ಮೇಲೆ ಟಾರ್ಚ್ ಇಟ್ಟವನಿಗೆ ಅದು ಅಪಾಯ. ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ತಂತಿಗಳಲ್ಲಿ ಹೆಚ್ಚಿನವಕ್ಕೆ ಟಾರ್ಚ್ ನೆಗೆಟಿವ್ ಆಗಿರಬೇಕು, ಗಟ್ಟಿ ತಂತಿಗೆ ಪಾಸಿಟಿವ್. ಪೊಲಾರಿಟಿ ಬದಲಿಸಲು ಫೀಡರ್‌ನಲ್ಲಿ ಸ್ವಿಚ್ಚು ಇದೆಯೇ ಎಂಬುದು ಕೊಳ್ಳುವ ಮೊದಲೇ ಗೊತ್ತಿರಬೇಕು. ಇನ್ನು ಆಂಪಿಯರ್ ಲೆಕ್ಕ. ಶೇ 60 ಡ್ಯೂಟಿ ಸೈಕಲ್ ಎಂದರೆ 10 ನಿಮಿಷದಲ್ಲಿ 6 ನಿಮಿಷ ಆರ್ಕ್ ಉರಿಯಬಹುದು ಎಂದು. ಬಿನ್ಜೆಲ್‌ನ ಎಂಬಿ 36 ಟಾರ್ಚ್ ಹೆಸರು ನೋಡಿ 360 ಆಂಪಿಯರ್ ಎಂದುಕೊಳ್ಳುವವರು ಇದ್ದಾರೆ. ಶೇ 60ಕ್ಕೆ ಅದು ತಾಳುವುದು ಕಾರ್ಬನ್ ಡೈಆಕ್ಸೈಡ್‌ನಲ್ಲಿ 300, ಆರ್ಗಾನ್ ಮಿಶ್ರಣದಲ್ಲಿ 270. ಎಂಬಿ 15ಕ್ಕೆ ಇದೇ ಅಂಕಿಗಳು 180 ಮತ್ತು 150. ಗ್ಯಾಸ್ ಬದಲಾದರೆ ಅದೇ ಟಾರ್ಚ್ ಬೇಗ ಕಾಯುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲಿನ ದೊಡ್ಡಕ್ಷರ ಹೇಳುವುದಿಲ್ಲ.

ಹಾಗಾದರೆ 500 ಆಂಪಿಯರ್‌ದೇ ಕೊಂಡುಬಿಟ್ಟರೆ ನಿಶ್ಚಿಂತೆ ಎನ್ನುವುದು ಮೊದಲ ಆಕ್ಷೇಪ. ಅದರ ಕೇಬಲ್ ದಪ್ಪ, ತೂಕ ಹೆಚ್ಚು. ಪೆಟ್ಟಿಗೆ ಫೀಡರ್ ಇರುವುದೇ ಇಕ್ಕಟ್ಟಿನಲ್ಲಿ, ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸಕ್ಕೆ. ಅಲ್ಲಿ ಬೇಡದ ಪ್ರತಿ ನೂರು ಗ್ರಾಂ ಮಣಿಕಟ್ಟಿಗೆ ಶಿಕ್ಷೆ. ಅಡಾಪ್ಟರ್ ಹಾಕಿದರೆ ಯಾವ ಟಾರ್ಚಾದರೂ ಆದೀತು ಎಂಬುದು ಎರಡನೆಯ ಮಾತು, ಅದರಲ್ಲಿ ಅರ್ಧ ಸತ್ಯವಿದೆ. ಲಿಂಕನ್‌ನ ಎಲ್‌ಎನ್-25ರಂಥ ಫೀಡರ್‌ಗಳಲ್ಲಿ ಟಾರ್ಚ್ ಕೂರುವ ಬುಶ್ಶನ್ನೇ ತೆಗೆದು ಟ್ವೆಕೊ ಅಥವಾ ಮಿಲ್ಲರ್ ನಮೂನೆಯದು ಹಾಕಬಹುದು, ಅವನ್ನು ಕಂಪನಿಯೇ ಮಾರುತ್ತದೆ. ಇದು ಸರಿಯಾದ ದಾರಿ, ಕೀಲು ಒಂದೇ ಉಳಿಯುತ್ತದೆ. ಫೀಡರ್‌ಗೂ ಟಾರ್ಚಿಗೂ ನಡುವೆ ತುರುಕುವ ಅಡಾಪ್ಟರ್ ಹಾಗಲ್ಲ. ಕರೆಂಟಿಗೆ ಇನ್ನೊಂದು ಜೋಡಣೆ, ಅಂದರೆ ಇನ್ನೊಂದು ಬಿಸಿಯಾಗುವ ಜಾಗ. ಗ್ಯಾಸಿಗೆ ಇನ್ನೊಂದು ಸೋರುವ ಜಾಗ. ಎಲ್ಲಕ್ಕಿಂತ ಕೆಟ್ಟದ್ದು, ಡ್ರೈವ್ ರೋಲಿಗೂ ಲೈನರ್ ಬಾಯಿಗೂ ನಡುವೆ ಬೀಳುವ ಸಂದು. ತುದಿಯಲ್ಲಿ ತಂತಿ ಸ್ವಲ್ಪ ಕಚ್ಚಿಕೊಂಡರೂ ಸಾಕು, ರೋಲು ತಳ್ಳಿದ್ದೆಲ್ಲ ಆ ಸಂದಿನಲ್ಲಿ ಗೂಡು ಕಟ್ಟುತ್ತದೆ. ಮೆತ್ತಗಿನ ಅಲ್ಯೂಮಿನಿಯಂ ತಂತಿಗಂತೂ ಇದು ಮಾಮೂಲು. ಅದಕ್ಕೆ ಟೆಫ್ಲಾನ್ ಲೈನರ್ ಹಾಕುವಾಗ ಯುರೋ ಸಾಕೆಟ್ಟಿನೊಳಗಿನ ಕ್ಯಾಪಿಲರಿ ಟ್ಯೂಬನ್ನು ತೆಗೆದು ಲೈನರನ್ನೇ ರೋಲಿನ ಹತ್ತಿರಕ್ಕೆ ತರಬೇಕು. ಎಷ್ಟೋ ಕಡೆ ಮರೆಯುವುದು ಇದನ್ನೇ.

ಫೀಡರ್ ಮಾಡಿದ ಕಂಪನಿಯ ಟಾರ್ಚನ್ನೇ ಕೊಳ್ಳಿ ಎಂಬ ಮೂರನೆಯ ಸಲಹೆ ಸುಲಭದ್ದು, ವಾರಂಟಿ ಇರುವವರೆಗೆ ಒಳ್ಳೆಯದೂ ಹೌದು. ಆದರೆ ಟಾರ್ಚಿನಲ್ಲಿ ದಿನಾ ಸವೆಯುವುದು ಟಿಪ್, ನಾಜಲ್, ಲೈನರ್. ನಮ್ಮಲ್ಲಿ ಸಿಗುವ ಬಿನ್ಜೆಲ್ ನಮೂನೆಯ ಟಿಪ್ಪಿಗೂ ಪ್ಯಾನಾಸೋನಿಕ್ ನಮೂನೆಯ 45 ಮಿಲಿಮೀಟರ್ ಉದ್ದದ ಟಿಪ್ಪಿಗೂ ಅದಲುಬದಲು ನಡೆಯದು. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಕೆಲಸ ಮಾಡುವವನಿಗೆ ಸಂಜೆಯೊಳಗೆ ಟಿಪ್ ಸಿಗದ ಟಾರ್ಚ್ ಎಷ್ಟು ಒಳ್ಳೆಯದಾದರೂ ಉಪಯೋಗವಿಲ್ಲ. ಹೊಸದಾಗಿ ಫೀಡರ್ ಕೊಳ್ಳುವವರು ಯುರೋ ಸಾಕೆಟ್ ಇರುವುದನ್ನೇ ಆರಿಸಲಿ. ಅಮೆರಿಕನ್ ನಮೂನೆಯ ಹಳೆಯ ಪೆಟ್ಟಿಗೆ ಈಗಾಗಲೇ ಇದ್ದವರು ಅಡಾಪ್ಟರ್ ಬಿಟ್ಟು ಬುಶ್ಶು ಬದಲಿಸಲಿ. ಪರ್ಚೇಸ್ ಆರ್ಡರಿನಲ್ಲಿ 'ಸೂಕ್ತ ಟಾರ್ಚ್' ಎಂದಷ್ಟೇ ಬರೆಯಬೇಡಿ. ಹಿಂದಿನ ಪಿನ್ನಿನ ನಮೂನೆ, ಟ್ರಿಗರ್ ಪ್ಲಗ್, ತಂತಿಯ ದಪ್ಪ, ನೀವು ಬಳಸುವ ಗ್ಯಾಸಿನಲ್ಲಿ ಶೇ 60ಕ್ಕೆ ತಾಳುವ ಆಂಪಿಯರ್, ಇಷ್ಟನ್ನೂ ಬರೆಯಿರಿ. ಮಾಲು ಬಂದ ದಿನವೇ ಫೀಡರ್‌ಗೆ ಸಿಕ್ಕಿಸಿ ನೋಡಿ, ಆಮೇಲೆ ಬಿಲ್ ಪಾಸ್ ಮಾಡಿ.